ಚಳಿಗಾಲಕ್ಕೆ ಕಾರು ಮಲಗಿಸುವವರಿಗೆ

ರಾಜ್ಯೋತ್ಸವದ ಊಟ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಯಾರಾದರೂ ನನ್ನನ್ನು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ‘ಏನ್ರೀ, ಮಿಯಾಟಾನ ಇನ್ನೂ ಮಲಗಿಸಿಲ್ವಾ?’

ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ. ಮಿಯಾಟಾ ಅಂದರೆ ನನ್ನ 2001ರ ಮಾಜ್ದಾ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು. ‘ಮಲಗಿಸುವುದು’ ಅಂದರೆ ನವೆಂಬರಿನಲ್ಲಿ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ, ಮೇಲೊಂದು ಹೊದಿಕೆ ಹೊದಿಸಿ, ಗ್ಯಾರೇಜಿನ ಮೂಲೆಗೆ ತಳ್ಳಿ ಏಪ್ರಿಲ್‌ವರೆಗೆ ಮುಟ್ಟದಿರುವುದು. ಇಲ್ಲಿ ಇಂಥ ಕಾರು ಇಟ್ಟುಕೊಂಡ ನನಗೆ ಗೊತ್ತಿರುವವರೆಲ್ಲ ಹೀಗೇ ಮಾಡುತ್ತಾರೆ. ನಾನು ಮಾಡುವುದಿಲ್ಲ. ಅದಕ್ಕೆ ನನ್ನನ್ನು ಅರೆಹುಚ್ಚ ಅನ್ನುವವರಿದ್ದಾರೆ. ಅವರಿಗೇ ಈ ಉತ್ತರ.

ಅವರ ಗಟ್ಟಿ ವಾದ ಉಪ್ಪು. ಇಲ್ಲಿ ಹಿಮ ಬಿದ್ದ ಕೂಡಲೇ ಲಾರಿಗಳು ರಸ್ತೆಗೆ ಉಪ್ಪು ಚೆಲ್ಲುತ್ತವೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ರಸ್ತೆ ಮಂಜುಗಡ್ಡೆಯಾಗುವುದು ತಪ್ಪುತ್ತದೆ. ಡೆಟ್ರಾಯಿಟ್ ನಗರದ ಅಡಿಯಲ್ಲೇ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ದೊಡ್ಡ ಉಪ್ಪಿನ ಗಣಿಯಿದೆ. ಕಾರು ಕಟ್ಟಿ ಹೆಸರು ಮಾಡಿದ ಊರು, ಕಾರು ತಿನ್ನುವ ಉಪ್ಪಿನ ಮೇಲೆ ಕೂತಿದೆ! ಉಪ್ಪುನೀರು ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ಚುರುಕುಗೊಳಿಸುತ್ತದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಚಳಿಗಾಲದಲ್ಲಿ ಓಡಿಸಿದರೆ ನನ್ನ ಕಾರು ಬೇಗ ಸಾಯುತ್ತದೆ. ಪ್ರತಿ ಶರತ್ಕಾಲದಲ್ಲಿ ಅಡಿಭಾಗಕ್ಕೆ ಎಣ್ಣೆಯ ಲೇಪ ಹಾಕಿಸುತ್ತೇನೆ, ಬಿಸಿಲು ಬಂದ ದಿನ ಅಡಿಯಿಂದ ತೊಳೆಸುತ್ತೇನೆ. ಇದರಿಂದ ಸಾವು ಮುಂದೆ ಹೋಗುತ್ತದೆ, ಅಷ್ಟೆ.

ಎರಡನೆಯ ವಾದ ಅಪಾಯದ್ದು. ‘ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರು, ಜಾರಿ ಹೋಗ್ತೀರಿ’ ಅನ್ನುತ್ತಾರೆ. ಜಾರಿಸುವುದು ಹೆಚ್ಚಿನ ಸಲ ಟೈರು. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿ ಹಿಡಿತ ಬಿಡುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆದುವಾಗಿರುತ್ತದೆ, ಅದರ ಮೈಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಕೆನಡಾದ ಕ್ಯೂಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಡ್ಡಾಯ. ಮಿಶಿಗನ್‌ನಲ್ಲಿ ಅಂಥ ಕಾನೂನಿಲ್ಲ. ಹಾಗಾಗಿ ನನಗೆ ಬುದ್ಧಿ ಹೇಳುವವರಲ್ಲೇ ಹಲವರು ವರ್ಷವಿಡೀ ಒಂದೇ ಟೈರಿನಲ್ಲಿ ಎರಡು ಟನ್ನಿನ ಎಸ್‌ಯುವಿ ಓಡಿಸುತ್ತಾರೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಹೊರಡುವಾಗ ನೆರವಾಗುತ್ತದೆ. ಬ್ರೇಕ್ ಒತ್ತಿದಾಗ ಅದರಿಂದ ಏನೂ ಪ್ರಯೋಜನವಿಲ್ಲ. ನನ್ನದು ಸುಮಾರು ಒಂದು ಟನ್ನಿನ ಕಾರು, ಕಾಲಿಗೆ ಸರಿಯಾದ ಟೈರಿದೆ. ಮಿತಿಯೂ ನನಗೆ ಗೊತ್ತು: ಅರ್ಧ ಅಡಿ ಹಿಮ ಬಿದ್ದ ದಿನ ಅದರ ಹೊಟ್ಟೆಯೇ ಹಿಮಕ್ಕೆ ತಾಗುತ್ತದೆ, ಆ ದಿನ ಮನೆಯಲ್ಲೇ ಇರುತ್ತೇನೆ.

ಸ್ಪೋರ್ಟ್ಸ್ ಕಾರು ಚಳಿಗಾಲಕ್ಕಲ್ಲ ಎಂಬ ಮಾತು ಬಂದದ್ದಾದರೂ ಎಲ್ಲಿಂದ? ಮಾಂಟೆ ಕಾರ್ಲೊ ರ‍್ಯಾಲಿ 1911ರಲ್ಲಿ ಶುರುವಾದದ್ದೇ ಜನವರಿಯ ಚಳಿಯಲ್ಲಿ. ಆಲ್ಪ್ಸ್ ಬೆಟ್ಟಗಳ ಹಿಮದ ತಿರುವುಗಳಲ್ಲಿ 1968, 1969, 1970ರಲ್ಲಿ ಸತತವಾಗಿ ಗೆದ್ದದ್ದು ಪೋರ್ಷೆ 911, ಎಂಜಿನ್ನೂ ಹಿಂದೆ, ಶಕ್ತಿಯೂ ಹಿಂದಿನ ಚಕ್ರಕ್ಕೆ. ಅಷ್ಟೇಕೆ, ಮಿಯಾಟಾ ಮೊದಲು ಜನರ ಕಣ್ಣಿಗೆ ಬಿದ್ದದ್ದು 1989ರ ಶಿಕಾಗೋ ಆಟೋ ಶೋದಲ್ಲಿ. ಫೆಬ್ರುವರಿಯ ಶಿಕಾಗೋ!

ಇನ್ನು ಮೂರನೆಯ ವಾದ, ‘ಮಾರುವಾಗ ಬೆಲೆ ಸಿಗಲ್ಲ ಕಣ್ರೀ.’ ನನ್ನ ಜಗಳವೆಲ್ಲ ಈ ಒಂದು ಮಾತಿನ ಮೇಲೆ.

ಈ ಕಾರು ನಾನು ಕೊಂಡದ್ದು 2018ರಲ್ಲಿ, ಒಬ್ಬ ಹಿರಿಯರಿಂದ. ಹೊಸದಾಗಿ ಕೊಂಡ ಅವರು ಹದಿನೇಳು ಚಳಿಗಾಲ ಅದನ್ನು ಮಲಗಿಸಿದ್ದರು. ಹದಿನೇಳು ವರ್ಷಕ್ಕೆ ಓಡಿದ್ದು ಇಪ್ಪತ್ತೆಂಟು ಸಾವಿರ ಮೈಲಿ. ಹೊದಿಕೆ ತೆಗೆದಾಗ ಬಣ್ಣ ಕನ್ನಡಿಯಂತಿತ್ತು. ಕೊನೆಯ ಸಲ ಕೂರುತ್ತೇನೆ ಅಂತ ಒಳಗೆ ಇಳಿದರು, ಸ್ಟೀರಿಂಗ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಏಳಲಾಗಲಿಲ್ಲ. ಈ ಕಾರಿನ ಸೀಟು ನೆಲಕ್ಕೆ ಅಂಟಿಕೊಂಡಂತಿರುತ್ತದೆ, ಅವರ ಎರಡೂ ಮಂಡಿ ಹೋಗಿದ್ದವು. ನಾನು ಕೈ ಕೊಟ್ಟು ಎಬ್ಬಿಸಿದೆ. ಮಾರುವ ಕಾರಣವನ್ನು ಕೇಳಬೇಕಾಗಲಿಲ್ಲ.

‘ಅವರು ಜೋಪಾನ ಮಾಡಿದ್ದಕ್ಕೇ ಅಲ್ವಾ ನಿಮಗೆ ಒಳ್ಳೆ ಕಾರು ಸಿಕ್ಕಿದ್ದು?’ ಎಂದು ನೀವು ಕೇಳಬಹುದು. ನಿಜ. ಅವರ ಹದಿನೇಳು ಚಳಿಗಾಲ ನನ್ನ ಪಾಲಿಗೆ ಬಂತು. ಅದಕ್ಕೆ ನಾನು ಋಣಿ. ಆದರೆ ಅವರಿಗೇನು ಬಂತು? ನಾನು ಕೊಟ್ಟ ಚೆಕ್ಕಿನಲ್ಲಿ ಒಂದೆರಡು ಸಾವಿರ ಡಾಲರ್ ಹೆಚ್ಚು. ವರ್ಷಕ್ಕೆ ಐದು ತಿಂಗಳಂತೆ ಎಂಬತ್ತೈದು ತಿಂಗಳು, ಏಳು ವರ್ಷ, ತನ್ನದೇ ಕಾರಿಗೆ ಮುಂದಿನವನ ಪರವಾಗಿ ಕಾವಲು ಕಾದದ್ದಕ್ಕೆ ಸಿಕ್ಕ ಕೂಲಿ ಅದು.

ಮುಚ್ಚಿಟ್ಟದ್ದು ಪೂರ್ತಿ ಉಳಿದಿತ್ತೇ ಅಂದರೆ ಅದೂ ಇಲ್ಲ. ನಿಂತಲ್ಲೇ ನಿಂತ ಟೈರುಗಳು ಒಂದು ಕಡೆ ಚಪ್ಪಟೆಯಾಗಿದ್ದವು. ಬಾಗಿಲಿನ ರಬ್ಬರುಗಳು ಒಣಗಿದ್ದವು. ಇಲಿಯೊಂದು ವೈರು ಕಡಿದಿತ್ತು. ಬಟ್ಟೆಯ ಟಾಪಿನಿಂದ ನೀರು ಇಳಿದುಹೋಗುವ ಸಣ್ಣ ಕೊಳವೆಗಳಲ್ಲಿ ಎಲೆಯ ಕಸ ಕಟ್ಟಿಕೊಂಡು, ಬಾಗಿಲ ಕೆಳಗಿನ ತಗಡು ಒಳಗಿನಿಂದ ತುಕ್ಕು ಹಿಡಿದಿತ್ತು. ಉಪ್ಪೇ ಕಾಣದ ಕಾರಿಗೂ ತುಕ್ಕು!

ಲೋಕದಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ಕಾರು ನಿಮ್ಮ ಬಳಿ ಇದ್ದರೆ ಈ ಮಾತು ನಿಮಗಲ್ಲ. ಅದನ್ನು ದಯವಿಟ್ಟು ಕಾಪಾಡಿ. ಮಿಯಾಟಾ 2016ರಲ್ಲೇ ಹತ್ತು ಲಕ್ಷ ದಾಟಿತು. ನನ್ನದೊಂದು ಸವೆದುಹೋದರೆ ಚರಿತ್ರೆಗೇನೂ ನಷ್ಟವಿಲ್ಲ. ಹತ್ತು ಲಕ್ಷದಲ್ಲಿ ಒಂದಕ್ಕೆ ವಸ್ತುಸಂಗ್ರಹಾಲಯದ ಮರ್ಯಾದೆ ಯಾಕೆ?

ನನಗೀಗ ಐವತ್ತನಾಲ್ಕು. ಹೋದ ಮಾರ್ಚಿನಿಂದ ಎಡ ಮಂಡಿ ನೋಯುತ್ತಿದೆ. ಸವೆತ ಶುರುವಾಗಿದೆ ಎಂದು ವೈದ್ಯರು ಎಕ್ಸ್‌ರೇ ತೋರಿಸಿ ಹೇಳಿದರು. ಈ ತಗ್ಗು ಸೀಟಿನಿಂದ ಯಾರ ಕೈಯೂ ಬೇಡದೆ ಎದ್ದು ಬರುವ ವರ್ಷಗಳು ಹತ್ತು ಇರಬಹುದು, ಐದೂ ಇರಬಹುದು. ಅವುಗಳಲ್ಲಿ ಪ್ರತಿ ವರ್ಷ ಐದು ತಿಂಗಳನ್ನು ನಾನು ಕಾಣದ ಯಾವನೋ ಖರೀದಿದಾರನಿಗೆ ಬರೆದುಕೊಡಲು ನನಗೆ ಮನಸ್ಸಿಲ್ಲ. ಕಾರಿನ ತಗಡು ಮೊದಲು ಸವೆಯುತ್ತದೋ ನನ್ನ ಮಂಡಿಯೋ, ನೋಡಿಯೇ ಬಿಡೋಣ.

ಜನವರಿಯ ಒಂದು ಭಾನುವಾರ, ರಸ್ತೆ ಒಣಗಿ, ಆಕಾಶ ತೊಳೆದಿಟ್ಟಂತಿರುತ್ತದೆ. ಹೊರಗೆ ಮೈನಸ್ ನಾಲ್ಕು. ಟಾಪು ಮಡಚಿ, ಹೀಟರು ಪೂರ್ತಿ ತಿರುಗಿಸಿದರೆ ಕಾಲು ಬೆಚ್ಚಗೆ, ಕಿವಿ ಮಾತ್ರ ಮರಗಟ್ಟುತ್ತದೆ. ಹೆಪ್ಪುಗಟ್ಟಿದ ಕೆರೆಯ ಪಕ್ಕದ ರಸ್ತೆಯಲ್ಲಿ ಎದುರು ಬರುವವರು ನಗುತ್ತಾರೆ. ಕೆಲವರು ಕೈಯನ್ನೂ ಬೀಸುತ್ತಾರೆ.

ಮುಂದಿನ ರಾಜ್ಯೋತ್ಸವದಲ್ಲಿ ಅದೇ ಪ್ರಶ್ನೆ ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ: ಪಕ್ಕದ ಸೀಟು ಖಾಲಿಯಿದೆ. ಬನ್ನಿ, ಉಣ್ಣೆಯ ಟೋಪಿ ಮರೆಯಬೇಡಿ.