ಬೆಟ್ಟದ ಗೇಟು ಬೆಳಿಗ್ಗೆ ಆರಕ್ಕೆ ತೆರೆಯಲಿ: ಎಡಪ್ಪಳ್ಳಿಯ ಕನ್ನಡ ಪೋಷಕರ ಹಕ್ಕೊತ್ತಾಯ ಪತ್ರ

ಗೆ: ಕೇರಳ ಅರಣ್ಯ ಇಲಾಖೆ ಮತ್ತು ಪ್ರವಾಸೋದ್ಯಮ ಇಲಾಖೆ, ಎರ್ನಾಕುಳಂ, ಇಡುಕ್ಕಿ, ಕೋಟ್ಟಯಂ, ತಿರುವನಂತಪುರ, ಕಾಸರಗೋಡು ಜಿಲ್ಲಾಡಳಿತಗಳು
ಪ್ರತಿ: ಕರ್ನಾಟಕ ಅರಣ್ಯ ಇಲಾಖೆ



ನಾವು ಕೊಚ್ಚಿಯ ಎಡಪ್ಪಳ್ಳಿ, ಕಲೂರು, ಕಾಕ್ಕನಾಡುಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡದವರು. ಕೆಲವರು ಸಾಫ್ಟ್‌ವೇರ್ ಕೆಲಸಕ್ಕೆ ಬಂದವರು, ಕೆಲವರು ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರು, ಒಬ್ಬಿಬ್ಬರು ಹೋಟೆಲಿನವರು. ಇಲ್ಲಿ ಮಾರ್ಚ್ ಕೊನೆಗೆ ಶಾಲೆ ಮುಚ್ಚುತ್ತದೆ, ಜೂನ್ ಮೊದಲಿಗೆ ಮಳೆಯ ಜೊತೆಗೇ ತೆರೆಯುತ್ತದೆ. ನಡುವಿನ ಎರಡು ತಿಂಗಳ ಸೆಖೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು? ಲುಲು ಮಾಲ್ ಇದ್ದೇ ಇದೆ. ಮೆಟ್ರೋ ಸ್ಟೇಷನ್ನಿನಿಂದ ನೇರ ಒಳಗೆ ಹೋಗಬಹುದು, ಎಸಿ ಇದೆ; ಅದಕ್ಕೆ ಹಕ್ಕೊತ್ತಾಯ ಪತ್ರ ಬೇಕಿಲ್ಲ. ನಾವು ಕೇಳುತ್ತಿರುವುದು ಬೆಟ್ಟ. ನಸುಕಿಗೆ ಹೊರಟು, ಹತ್ತಿ, ಬುತ್ತಿ ಬಿಚ್ಚಿ ಉಂಡು, ಕತ್ತಲಾಗುವ ಮೊದಲು ಮನೆ ಸೇರಬಹುದಾದ ಬೆಟ್ಟ.

ತೊಡಕೆಂದರೆ, ಮಕ್ಕಳಿಗೆ ರಜೆ ಬಂದಾಗ ಬೆಟ್ಟಗಳಿಗೂ ರಜೆ. ತಿರುವನಂತಪುರದ ಅಗಸ್ತ್ಯಕೂಡಂ (1,868 ಮೀಟರ್) ಚಾರಣದ ಕಾಲ ಜನವರಿ–ಫೆಬ್ರವರಿ. ಅದೂ 14 ತುಂಬದವರಿಗೆ ಇಲ್ಲ. ಊರಿಗೆ ಹೋದರೆ ಕುಮಾರ ಪರ್ವತ ಕಾಳ್ಗಿಚ್ಚಿನ ಭಯಕ್ಕೆ ಬಂದ್. ಇವುಗಳಲ್ಲಿ ಒಂದನ್ನೂ ನಮಗಾಗಿ ತೆರೆಯಿರಿ ಎಂದು ನಾವು ಕೇಳುವುದಿಲ್ಲ. 2018ರ ಮಾರ್ಚ್‌ನಲ್ಲಿ ಕೊಳುಕ್ಕುಮಲೆಯ ಕೆಳಗೆ, ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ, ಒಣಹುಲ್ಲಿಗೆ ಹತ್ತಿದ ಬೆಂಕಿಯಲ್ಲಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಆ ತಂಡಗಳಲ್ಲಿ ಮಕ್ಕಳೂ ಇದ್ದರು. ಮುಚ್ಚಬೇಕಾದ್ದು ಮುಚ್ಚಿರಲಿ. ತೆರೆದಿರುವ ಸಣ್ಣ ಬೆಟ್ಟಗಳು ಮಕ್ಕಳ ಕಾಲಿಗೂ ಮಕ್ಕಳ ಹೊತ್ತಿಗೂ ಹೊಂದಲಿ. ಅದಕ್ಕಾಗಿ ಈ ಬೇಡಿಕೆಗಳು.

1. ಗೇಟು ಬೆಳಿಗ್ಗೆ ಆರಕ್ಕೆ ತೆರೆಯಬೇಕು. ಉಳಿದದ್ದೆಲ್ಲ ತಳ್ಳಿಹೋದರೂ ಇದೊಂದು ಆಗಲೇಬೇಕು.

ಲೆಕ್ಕ ನಮ್ಮದಲ್ಲ, ಸರ್ಕಾರದ್ದೇ. ಬೇಸಿಗೆಯಲ್ಲಿ ಹನ್ನೊಂದರಿಂದ ಮೂರರವರೆಗೆ ಬಿಸಿಲಿಗೆ ಮೈಯೊಡ್ಡಬೇಡಿ ಎಂದು ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳುತ್ತದೆ. ಬೇಸಿಗೆ ಮಳೆಯ ದಿನಗಳಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಸಿಡಿಲಿನ ಹೊತ್ತು, ಮಕ್ಕಳನ್ನು ಬಯಲಿಗೆ ಬಿಡಬೇಡಿ ಎನ್ನುವುದೂ ಅದೇ ಪ್ರಾಧಿಕಾರ. ಎರಡನ್ನೂ ಕೂಡಿಸಿ ನೋಡಿ: ಏಪ್ರಿಲ್–ಮೇ ತಿಂಗಳಲ್ಲಿ ಮಗುವೊಂದು ಬೋಳು ಗುಡ್ಡದ ಮೇಲೆ ಇರಬಹುದಾದ ಹೊತ್ತು ಬೆಳಗಿನಿಂದ ಹನ್ನೊಂದರವರೆಗೆ, ಅಷ್ಟೇ. ಆದರೆ ಟಿಕೆಟ್ ಕೌಂಟರ್ ತೆರೆಯುವುದು ಎಂಟಕ್ಕೆ, ಕೆಲವು ಕಡೆ ಒಂಬತ್ತಕ್ಕೆ. ಬಿಸಿಲಲ್ಲಿ ಹತ್ತಬೇಡಿ ಎನ್ನುವ ಸರ್ಕಾರವೇ ಬಿಸಿಲೇರಿದ ಮೇಲೆ ಟಿಕೆಟ್ ಕೊಡುತ್ತದೆ.

ಸಿಡಿಲಿನ ವಿಷಯ ಉತ್ಪ್ರೇಕ್ಷೆ ಎನ್ನುವವರು ಕೋಟ್ಟಯಂ–ಇಡುಕ್ಕಿ ಗಡಿಯ ಇಲವೀಳಾಪೂಂಚಿರಕ್ಕೆ ಹೋಗಿಬರಲಿ. ಅಲ್ಲಿ ಮರ ಎಂಬುದೇ ವಿರಳ. ಅಲ್ಲಿನ ಪೊಲೀಸ್ ವೈರ್‌ಲೆಸ್ ಸ್ಟೇಷನ್ನಿನ ಸಿಡಿಲಿನ ಬದುಕೇ 2022ರ ಒಂದು ಮಲಯಾಳಂ ಸಿನಿಮಾದ ಹಿನ್ನೆಲೆಯಾಯಿತು. ಅಂಥ ಕಡೆಯಿಂದ ಕುಟುಂಬಗಳು ಹನ್ನೊಂದರೊಳಗೆ ಇಳಿದಿರಬೇಕು. ಬೇಗ ಹತ್ತಲು ಬಿಟ್ಟರೆ ತಾನೇ ಬೇಗ ಇಳಿಯುವುದು?

ಆನೆ ಓಡಾಡುವ ಕಡೆ ಈ ಬೇಡಿಕೆ ಅನ್ವಯಿಸದು. ನಸುಕು ಆನೆಯ ಹೊತ್ತೂ ಹೌದು. ಯಾವ ದಾರಿಗೆ ಆರು, ಯಾವುದಕ್ಕೆ ಎಂಟು ಎಂಬುದನ್ನು ಆಯಾ ರೇಂಜ್ ಆಫೀಸರ್ ಪ್ರತಿ ಮಾರ್ಚ್‌ನಲ್ಲಿ ತೀರ್ಮಾನಿಸಿ ಪ್ರಕಟಿಸಲಿ.

2. ಒಂದೇ ಕೌಂಟರ್, ಒಂದೇ ಚೀಟಿ. ಕಳೆದ ಬೇಸಿಗೆಯಲ್ಲಿ ಒಂದು ಬೆಟ್ಟದ ಬುಡದಲ್ಲಿ ಕಂಡದ್ದು: ಪಾರ್ಕಿಂಗ್ ಚೀಟಿ ಒಂದು ಕಡೆ, ಪ್ರವೇಶ ಚೀಟಿ ಇನ್ನೊಂದು ಕಡೆ, ಜೀಪಿನದು ಮೂರನೇ ಕಡೆ. ಮೂರನೆಯದು ಕೈಗೆ ಬರುವ ಹೊತ್ತಿಗೆ ನಮ್ಮೊಡನಿದ್ದ ಒಂದನೇ ಕ್ಲಾಸಿನ ಹುಡುಗಿ ನೀರಿನ ಬಾಟಲಿ ಖಾಲಿ ಮಾಡಿ, ತಲೆಗೆ ಅಪ್ಪನ ಕರವಸ್ತ್ರ ಕಟ್ಟಿಸಿಕೊಂಡು, ಕಾದ ಡಾಂಬರಿನ ಮೇಲೆ ಒಂದು ಕಾಲಿಂದ ಇನ್ನೊಂದಕ್ಕೆ ಕುಣಿಯುತ್ತಿದ್ದಳು. ಬೆಟ್ಟ ಇನ್ನೂ ಶುರುವೇ ಆಗಿರಲಿಲ್ಲ.

3. ಮಲಯಾಟ್ಟೂರಿನ ವ್ಯವಸ್ಥೆಯನ್ನು ನೋಡಿ ಕಲಿಯಬೇಕು.

ಎಡಪ್ಪಳ್ಳಿಯಿಂದ ಐವತ್ತು ಕಿಲೋಮೀಟರಿನೊಳಗೆ, ಪೆರಿಯಾರ್ ದಂಡೆಯ ಮಲಯಾಟ್ಟೂರಿನಲ್ಲಿ 609 ಮೀಟರ್ ಎತ್ತರದ ಕುರಿಶುಮುಡಿ ಎಂಬ ಕ್ರೈಸ್ತ ಯಾತ್ರೆಯ ಬೆಟ್ಟ ಇದೆ. ಈಸ್ಟರ್ ಹಿಂದುಮುಂದಿನ ವಾರಗಳಲ್ಲಿ, ಅಂದರೆ ಕಡುಬೇಸಿಗೆಯಲ್ಲೇ, ಅಜ್ಜಿಯಂದಿರು ಮೊಮ್ಮಕ್ಕಳ ಕೈಹಿಡಿದು ಆ ಕಲ್ಲುದಾರಿ ಹತ್ತುತ್ತಾರೆ. ಮರದ ಶಿಲುಬೆ ಹೊತ್ತವರೂ ಇರುತ್ತಾರೆ, ಕಂಕುಳಲ್ಲಿ ಕೂಸು ಹೊತ್ತವರೂ ಇರುತ್ತಾರೆ. ಅವರು ಆರಿಸಿಕೊಳ್ಳುವುದು ರಾತ್ರಿ ಇಲ್ಲವೇ ನಸುಕನ್ನು. ಕುರಿಶುಮುಡಿಯ ಮೇಲೆ ಆನೆ ತಿವಿದ ಗುರುತಿನ ಹಳೇ ಚರ್ಚೂ ಇದೆ. ಕಾಡಿನ ಭಯ ಅವರಿಗೆ ಗೊತ್ತಿಲ್ಲವೆಂದಲ್ಲ. ಆದರೆ ದಾರಿಗೆ ಬೆಳಕಿದೆ, ಜನರಿದ್ದಾರೆ, ಕುಡಿಯಲು ನೀರಿದೆ.

ಎಲ್ಲಕ್ಕಿಂತ ಮುಖ್ಯವಾಗಿ, ಶಿಲುಬೆಯ ಹಾದಿಯ 14 ನಿಲುಗಡೆಗಳಿವೆ. ಮಗುವಿಗೆ ಶಿಖರ ತೋರಿಸಿದರೆ ಅದು ಕುಳಿತುಬಿಡುತ್ತದೆ. ಮುಂದಿನ ನಿಲುಗಡೆ ತೋರಿಸಿದರೆ ಓಡುತ್ತದೆ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ, ಕಟ್ಟಿಸಿದ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಎಷ್ಟು ತಲೆಮಾರಿನ ಮಕ್ಕಳು ಹತ್ತಿಲ್ಲ, “ಬಸವಣ್ಣನವರೆಗೆ ಬಾ ಮರಿ, ಆಮೇಲೆ ನೋಡೋಣ” ಎಂಬ ಮಾತಿನ ಮೇಲೆ! ನಮ್ಮ ಬೇಡಿಕೆ: ಮಕ್ಕಳು ಹತ್ತುವ ಪ್ರತಿ ದಾರಿಯಲ್ಲೂ ನೆರಳಿರುವ ಜಾಗ ನೋಡಿ ನಂಬರ್ ಹಾಕಿದ ನಿಲುಗಡೆಗಳನ್ನು ಮಾಡಿ. ಕಾಂಕ್ರೀಟ್ ಮಂಟಪ ಬೇಡ. ಕಲ್ಲೊಂದು, ಅದರ ಮೇಲೊಂದು ಸಂಖ್ಯೆ ಸಾಕು.

4. ಫಲಕದಲ್ಲಿ ಕಿಲೋಮೀಟರ್ ಜೊತೆಗೆ ಮಗುವಿನ ನಡಿಗೆಯ ಹೊತ್ತೂ ಇರಲಿ. 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಹಾಕಿಕೊಟ್ಟ ಲೆಕ್ಕವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: ಐದು ಕಿಲೋಮೀಟರಿಗೆ ಒಂದು ತಾಸು, 600 ಮೀಟರ್ ಏರಿಗೆ ಇನ್ನೊಂದು ತಾಸು. ಅದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಆರು ವರ್ಷದ ಮಗು ದಾರಿಯಲ್ಲಿ ಇರುವೆ ಸಾಲು ನೋಡಬೇಕು, ಕಲ್ಲು ಆರಿಸಬೇಕು, ಜಗಳವಾಡಬೇಕು. ದುಪ್ಪಟ್ಟು ಹಿಡಿಯಿರಿ.

5. ನೀರು. ಕೇರಳ ಹೈಕೋರ್ಟ್ 2025ರಲ್ಲಿ ಗಿರಿಧಾಮಗಳಲ್ಲಿ ಏಕಬಳಕೆ ಪ್ಲಾಸ್ಟಿಕ್ಕನ್ನು, ಸಣ್ಣ ನೀರಿನ ಬಾಟಲಿ ಸಮೇತ, ನಿಷೇಧಿಸಿತು. ನಮ್ಮ ಪೂರ್ಣ ಬೆಂಬಲವಿದೆ. ಆದರೆ ಬಾಟಲಿ ಕಿತ್ತುಕೊಂಡ ಕಡೆಯಲ್ಲೇ ನಲ್ಲಿ ಇರಬೇಕು. ಕುಡುಂಬಶ್ರೀ ಸ್ವಸಹಾಯ ಸಂಘದ ಮಹಿಳೆಯರು ಅಲ್ಲಿ ಸಂಭಾರ ಮಾರಿದರೆ ನಾವೇ ಮೊದಲ ಗಿರಾಕಿಗಳು. ಶುಂಠಿ, ಹಸಿಮೆಣಸು ಜಜ್ಜಿ ಹಾಕಿದ ಆ ಮಜ್ಜಿಗೆಯ ಮುಂದೆ ಯಾವ ಪ್ಯಾಕೆಟ್ ಜ್ಯೂಸೂ ನಿಲ್ಲದು.

6. ಶೌಚಾಲಯ. ಬುಡದಲ್ಲಿ ಒಂದಿದ್ದರೂ ಸಾಕು. ನೀರಿರಲಿ, ಒಳಗಡೆ ಚಿಲಕವಿರಲಿ, ಹೊರಗಡೆ ಬೀಗ ಬೇಡ.

7. ಕಾರು ನಿಲ್ಲಿಸಿದ ಮೇಲೆ ಕಾರಿಲ್ಲದ ದಾರಿ ಬೇಕು. ತಿರುವನಂತಪುರದ ಪೊನ್ಮುಡಿಯ 22 ಹೇರ್‌ಪಿನ್ ತಿರುವು ಮುಗಿಯುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಒಬ್ಬರಾದರೂ ವಾಂತಿ ಮಾಡಿಕೊಂಡಿರುತ್ತಾರೆ. ಇಳಿದ ಮಗು ಮತ್ತೆ ಹಾರ್ನ್ ಮಾಡುವ ಗಾಡಿಗಳ ನಡುವೆಯೇ ನಡೆಯಬೇಕೆಂದರೆ ಹೇಗೆ?

8. ಹಾವು, ಉಣುಗು. ವಿಷಮದ್ದು ದಾಸ್ತಾನಿರುವ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತಿನ ದಾರಿ ಎಂಬುದನ್ನು ಪ್ರತಿ ಗೇಟಿನಲ್ಲಿ ಬರೆಯಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ಈಗಿನ ಮದ್ದು ನಡೆಯುತ್ತದೆ. ಪಶ್ಚಿಮಘಟ್ಟದ ತರಗೆಲೆಯಲ್ಲಿ ಮಲಗಿರುವ ಗೂನುಮೂಗಿನ ಮಂಡಲಕ್ಕೆ ನಡೆಯುವುದಿಲ್ಲ. ಆದ್ದರಿಂದ ಮಕ್ಕಳಿಗೆ ಬೂಟು ಮತ್ತು ಉದ್ದ ಪ್ಯಾಂಟು ಕಡ್ಡಾಯ ಮಾಡಿದರೆ ನಾವು ಗೊಣಗುವುದಿಲ್ಲ. ಇನ್ನು ಉಣುಗು: ಅದು ಹರಡುವ, ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ ಮಂಗನ ಕಾಯಿಲೆ 2015ರಲ್ಲಿ ವಯನಾಡಿನಲ್ಲಿ ಜೋರಾಗಿಯೇ ಹರಡಿತ್ತು. ಅದರ ಕಾಲ ಚಳಿಗಾಲದಿಂದ ಮೇವರೆಗೆ, ಸರಿಯಾಗಿ ನಮ್ಮ ರಜೆಯವರೆಗೆ. ಕಾಡಿನಂಚಿನ ಊರುಗಳಿಗೆ ಕರ್ನಾಟಕದ ಆರೋಗ್ಯ ಇಲಾಖೆ ಹಂಚುವಂಥ ಮೈಗೆ ಸವರುವ ಎಣ್ಣೆ ವಯನಾಡಿನ ಗೇಟುಗಳಲ್ಲೂ ಸಿಗಲಿ. ದುಡ್ಡು ಕೊಟ್ಟು ಕೊಳ್ಳುತ್ತೇವೆ.

9. ರಾಣಿಪುರದಲ್ಲಿ ಕನ್ನಡ. ಕಾಸರಗೋಡಿನ ರಾಣಿಪುರ ಬೆಟ್ಟದ ಕಾಡು ಆಚೆಗೆ ಕೊಡಗಿನ ಕಾಡಿನೊಡನೆ ಕೂಡಿಕೊಳ್ಳುತ್ತದೆ. ಭಾಗಮಂಡಲ, ಸುಳ್ಯದ ಕಡೆಯ ಮಕ್ಕಳೂ ಹತ್ತುವ ಬೆಟ್ಟ ಅದು. 1969ರ ಕೇರಳ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರನ್ನು ಮಾನ್ಯ ಮಾಡಿದೆ. ಅಪಾಯದ ಸೂಚನೆಗಳನ್ನಾದರೂ ಕನ್ನಡದಲ್ಲಿ ಬರೆಯಿರಿ. ಜಾರುವ ಬಂಡೆ ಭಾಷೆ ನೋಡುವುದಿಲ್ಲ.

10. ಇದು ನಮ್ಮ ನಮ್ಮೊಳಗಿನ ಬೇಡಿಕೆ. ಮಗು ಸಾಕು ಎಂದರೆ ಸಾಕು. “ಇಷ್ಟು ದೂರ ಬಂದು, ಇಷ್ಟು ದುಡ್ಡು ಕೊಟ್ಟು” ಎಂಬ ಮಾತು ಆಡಕೂಡದು. ಬ್ಲೂಟೂತ್ ಸ್ಪೀಕರ್ ಮನೆಯಲ್ಲಿರಲಿ. ಬಂಡೆಯ ಅಂಚಿನಲ್ಲಿ ಮಗುವನ್ನು ನಿಲ್ಲಿಸಿ ರೀಲ್ಸ್ ಮಾಡುವ ತಂದೆಗೆ ದಂಡ ಹಾಕಿ. ಅವನು ಕನ್ನಡದವನೇ ಆಗಿದ್ದರೆ ಎರಡು ಪಟ್ಟು.

11. ಮುಚ್ಚುವ ಸುದ್ದಿ ಹಿಂದಿನ ಸಂಜೆ ಆರರೊಳಗೆ ತಿಳಿಯಬೇಕು. ಬೆಂಕಿ, ಆನೆ, ಸಿಡಿಲಿನ ಮುನ್ಸೂಚನೆ, ಕಾರಣ ಏನೇ ಇರಲಿ. ನಸುಕಿನ ನಾಲ್ಕಕ್ಕೆ ಮಕ್ಕಳನ್ನು ಎಬ್ಬಿಸಿ ತೊಡುಪುಳ ದಾಟಿದ ಮೇಲೆ ಹಗ್ಗ ಕಟ್ಟಿದ ಗೇಟು ನೋಡುವಂತಾಗಬಾರದು. ಕರ್ನಾಟಕ ಅರಣ್ಯ ಇಲಾಖೆ 2024ರಲ್ಲಿ ‘ಅರಣ್ಯ ವಿಹಾರ’ ಜಾಲತಾಣ ತೆರೆದು, ದಾರಿಯೊಂದಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿತು. ಮಿತಿ ಸರಿ. ಮುಚ್ಚಿದ ದಿನದ ಹಣ ಕೇಳದೆಯೇ ಖಾತೆಗೆ ವಾಪಸಾಗಲಿ. ಕೇರಳದ ಎಲ್ಲ ಬೆಟ್ಟಗಳಿಗೂ ಇಂಥದ್ದೇ ಒಂದು ಜಾಲತಾಣ ಸಾಕು, ಇಲಾಖೆಗೊಂದು ಬೇಡ.

ಮುಂದಿನ ಬೇಸಿಗೆ ರಜೆ ಶುರುವಾಗುವ ಮೊದಲು, ಅಂದರೆ ಮಾರ್ಚ್ 15ರೊಳಗೆ, ಲಿಖಿತ ಉತ್ತರ ಕೊಡಬೇಕು. ಹನ್ನೊಂದಕ್ಕೂ ಒಟ್ಟಿಗೆ ಕಷ್ಟವೆಂದರೆ ಒಂದನೆಯದಕ್ಕೆ ಮೊದಲು ಕೊಡಿ.

ಇತಿ,
ಎಡಪ್ಪಳ್ಳಿ ಸುತ್ತಮುತ್ತಲ ಕನ್ನಡ ಪೋಷಕರು