ನಕಾಶೆಯಲ್ಲಿ ಆಳವೂ ಕಣ್ಣಿನ ಭ್ರಮೆಯೂ

ಭೀಮಾತೀರದ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ದೊರೆತ ಸ್ತೂಪದ ಶಿಲಾಫಲಕಗಳಲ್ಲಿ ಕೆತ್ತನೆಯ ಆಳವು ಸ್ವಲ್ಪವೇ. ಆದರೂ "ರಾಯೋ ಅಸೋಕೋ" ಎಂಬ ಬ್ರಾಹ್ಮೀ ಬರಹವುಳ್ಳ ಫಲಕದಲ್ಲಿ ಅರಸನು ಮುಂದೆಯೂ ಛತ್ರಚಾಮರಗಳ ಪರಿವಾರವು ಹಿಂದೆಯೂ ಇರುವಂತೆ ತೋರುವುದು. ಒಂದು ಆಕೃತಿಯು ಮತ್ತೊಂದನ್ನು ಮರೆಮಾಡಿದರೆ, ಮರೆಮಾಡಿದ್ದು ಹತ್ತಿರದ್ದೆಂದು ಕಣ್ಣು ತಾನಾಗಿಯೇ ತಿಳಿಯುವುದು. ನೆರಳು, ಗಾತ್ರಭೇದಗಳೂ ಇಂಥವೇ ಗುರುತುಗಳು.

ವ್ಯವಸಾಯದ ನಕಾಶೆಗಳಿಗೂ ಈ ಗುರುತುಗಳೇ ಆಧಾರ. ಆದರೆ ಇಲ್ಲಿ ಕಣ್ಣು ಮೋಸಹೋದರೆ ನಷ್ಟವು ರೈತನದು. ತೊಗರಿಯ ಬೇರು ಆಳಕ್ಕಿಳಿಯತಕ್ಕದ್ದು. ಕಲ್ಲಿನ ಮೇಲೆ ತೆಳುವಾಗಿ ಹರಡಿದ ಎರೆಯನ್ನು ಆಳವಾದ ಎರೆಯೆಂದು ನಂಬಿ ಬಿತ್ತಿದವನ ಪೈರು ಮಳೆ ನಿಂತೊಡನೆ ಬಾಡುವುದು. ಇಳಿಜಾರನ್ನು ತಪ್ಪಾಗಿ ತಿಳಿದು ಹಾಕಿದ ಒಡ್ಡು ದೊಡ್ಡ ಮಳೆಗೆ ಒಡೆಯುವುದು.

ಬೆಳಕು ಮೇಲಿನಿಂದ ಬೀಳುವುದೆಂದು ಎಣಿಸುವುದು ಕಣ್ಣಿನ ಸ್ವಭಾವ. ಉತ್ತರವನ್ನು ಮೇಲಿರಿಸಿ ಅಚ್ಚುಮಾಡಿದ ಉಪಗ್ರಹಚಿತ್ರದಲ್ಲಾದರೋ, ನಮ್ಮ ನಾಡಿನಲ್ಲಿ ವರ್ಷದ ಬಹುಭಾಗ ಸೂರ್ಯನು ದಕ್ಷಿಣಕ್ಕಿರುವುದರಿಂದ, ಬೆಳಕು ಕೆಳಗಿನಿಂದ ಬರುವುದು. ಆಗ ಹಳ್ಳವು ದಿಣ್ಣೆಯಂತೆಯೂ ದಿಣ್ಣೆಯು ಹಳ್ಳದಂತೆಯೂ ಕಾಣಬಹುದು. ಸಮೋನ್ನತಿ ರೇಖೆಗಳಲ್ಲಿ ಈ ಭ್ರಮೆಯಿಲ್ಲ. ಆದರೆ 1:50,000 ಪ್ರಮಾಣದ ಸರ್ವೆ ನಕಾಶೆಯಲ್ಲಿ ರೇಖೆಗಳ ಅಂತರವು ಸಾಮಾನ್ಯವಾಗಿ 20 ಮೀಟರು. ಸೇಡಂ, ಚಿತ್ತಾಪುರಗಳ ಬಯಲಿನಲ್ಲಿ ಎಷ್ಟೋ ಹೊಲಗಳ ಇಳಿಜಾರೆಲ್ಲವೂ ಎರಡು ರೇಖೆಗಳ ನಡುವೆಯೇ ಅಡಗಿಹೋಗುವುದು.

ಇದಕ್ಕೆ ವಿರುದ್ಧವಾದ ದೋಷವೊಂದುಂಟು. ಇಳುವರಿಗೂ ಧಾರಣೆಗೂ ಆಳವೆಂಬುದಿಲ್ಲ. ಆದರೂ ಅವುಗಳನ್ನು ದಪ್ಪನೆಯ ಕಂಬಗಳಂತೆ, ಒಂದರ ಹಿಂದೊಂದು ನಿಲ್ಲಿಸಿ ಬರೆಯುವ ವಾಡಿಕೆಯು ಹರಡಿದೆ. ಮುಂದಿನ ಕಂಬವು ಹಿಂದಿನದನ್ನು ಮುಚ್ಚುವುದು. ದೂರದ್ದು ಕಿರಿದಾಗಿ ಕಾಣುವುದು. ಕಂಬದ ತುದಿಯು ಯಾವ ಅಂಕೆಗೆ ಸರಿಯೆಂಬುದೇ ತಿಳಿಯದು. ಶಿಲ್ಪಿಗೆ ಗುಣವಾದುದು ಇಲ್ಲಿ ದೋಷವಾಯಿತು; ಏಕೆಂದರೆ ಶಿಲ್ಪಿಯು ತೋರಿಸಿದ ಹಿಂದುಮುಂದುಗಳಿಗೆ ಅರ್ಥವಿದ್ದಿತು, ಇವಕ್ಕಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ. ಆಳವು ನಿಜವಾಗಿರುವೆಡೆ ಮಾತ್ರ ಆಳದ ಗುರುತನ್ನು ಬಳಸಬೇಕು. ಮಣ್ಣಿನ ಆಳಕ್ಕೂ ಭಾವಿಯ ನೀರಿನ ಮಟ್ಟಕ್ಕೂ ಒಂದೇ ಬಣ್ಣದ ಛಾಯೆಗಳನ್ನು ತಿಳಿಯದರಿಂದ ಗಾಢಕ್ಕೆ ಕ್ರಮವಾಗಿ ಕೊಟ್ಟು, ಛಾಯೆಯೊಡನೆ ಅಂಕೆಯನ್ನೂ ಅಚ್ಚುಮಾಡಬೇಕು. ಇಳುವರಿಯ ಪಟ್ಟಿಗಳು ಚಪ್ಪಟೆಯಾಗಿಯೇ ಇರಲಿ. ಒಡ್ಡು ಹಾಕುವ ಮುನ್ನ ನಕಾಶೆಯನ್ನಷ್ಟೇ ನಂಬದೆ ಹೊಲದಲ್ಲಿ ಮಟ್ಟ ಹಿಡಿದು ನೋಡುವುದೂ, ಬಿತ್ತುವ ಮುನ್ನ ಒಂದು ಗುಂಡಿ ತೋಡಿ ಮಣ್ಣಿನ ಆಳವನ್ನು ಅಳೆಯುವುದೂ ರೈತಬಾಂಧವರಿಗೆ ಶ್ರೇಯಸ್ಕರವು.