‘ತಿದ್ದುಪಡಿ’: ಪದದ ಮೂಲ, ಅರ್ಥ ಮತ್ತು ಜನನ ದಾಖಲೆಯಲ್ಲಿ ಅದರ ಮಹತ್ವ

ಹಳಗನ್ನಡದ ‘ತಿರ್ದು’ ಎಂಬ ಧಾತುವು ‘ತಿದ್ದು’ ಎಂದಾಗಿ, ಅದರಿಂದ ‘ತಿದ್ದುಪಡಿ’ ಪದವು ಬಂದಿರುತ್ತದೆ. ತಮಿಳಿನ ‘ತಿರುತ್ತು’, ತೆಲುಗಿನ ‘ದಿದ್ದು’ ಇದರ ಜ್ಞಾತಿಪದಗಳು. ಸಮಾನಾರ್ಥಕವಾದ ಇಂಗ್ಲಿಷಿನ ‘ಅಮೆಂಡ್‌ಮೆಂಟ್’ ಪದದ ಮೂಲವು ದೋಷ ನಿವಾರಿಸು ಎಂಬರ್ಥದ ಲ್ಯಾಟಿನ್ ಧಾತುವಾಗಿದೆ. ಇರುವುದನ್ನು ಸರಿಪಡಿಸುವುದೇ ಎರಡರ ಆಶಯ, ಅಳಿಸುವುದಲ್ಲ.

ಆಡಳಿತದಲ್ಲಿ ಈ ಪದವು ಕಾನೂನಿನ ಬದಲಾವಣೆಗೂ ದಾಖಲೆಯ ನಮೂದನ್ನು ಸರಿಪಡಿಸುವುದಕ್ಕೂ ಬಳಕೆಯಲ್ಲಿದೆ. ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮ, 1969ರಲ್ಲಿ ಇವೆರಡೂ ಕೂಡಿಬಂದಿವೆ.

ಈ ಅಧಿನಿಯಮಕ್ಕೆ 2023ರಲ್ಲಿ ತಂದ ತಿದ್ದುಪಡಿಯು 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅಂದು ಅಥವಾ ತದನಂತರ ಜನಿಸಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೇಮಕಾತಿ, ಪಾಸ್‌ಪೋರ್ಟ್ ಹಾಗೂ ಆಧಾರ್‌ಗೆ ಜನನ ದಿನಾಂಕ ಮತ್ತು ಸ್ಥಳವನ್ನು ರುಜುವಾತುಪಡಿಸಲು ಜನನ ಪ್ರಮಾಣಪತ್ರವೇ ಆಧಾರವಾಗಿರುತ್ತದೆ. ಅದಕ್ಕೆ ಮೊದಲು ಜನಿಸಿದವರಿಗೆ ಈ ಉಪಬಂಧವು ಅನ್ವಯಿಸುವುದಿಲ್ಲ.

ಆದ್ದರಿಂದ ಜನನ ದಿನಾಂಕದಲ್ಲಿನ ಒಂದಂಕಿಯ ತಪ್ಪು ಸಹ ಮುಂದೆ ಹಲವು ಸೇವೆಗಳಲ್ಲಿ ಮರುಕಳಿಸುವ ಸಂಭವವಿದೆ. ಇಂತಹ ತಪ್ಪಿಗೆ ಪ್ರಕರಣ 15ರಲ್ಲಿ ಪರಿಹಾರವಿದೆ. ತಪ್ಪು ರುಜುವಾತಾದಲ್ಲಿ, ನೋಂದಣಾಧಿಕಾರಿಗಳು ಮೂಲ ನಮೂದನ್ನು ಬದಲಿಸದೆ, ಅಂಚಿನಲ್ಲಿ ಸರಿಯಾದ ವಿವರವನ್ನು ಬರೆದು, ದಿನಾಂಕ ಸಹಿತ ಸಹಿ ಮಾಡುತ್ತಾರೆ. ಏನಿತ್ತು, ಏನಾಯಿತು, ಯಾವಾಗ ಆಯಿತು ಎಂಬುದಕ್ಕೆ ಇದರಿಂದ ಪುರಾವೆ ಉಳಿಯುತ್ತದೆ.

ಪ್ರಮಾಣಪತ್ರದ ಪ್ರತಿಯ ಮೇಲೆ ಅಳಿಸಿ ಬರೆಯುವುದು ತಿದ್ದುಪಡಿ ಎನಿಸುವುದಿಲ್ಲ. ಪೋಷಕರು ಪ್ರಮಾಣಪತ್ರ ಪಡೆದ ಕೂಡಲೇ ಎಲ್ಲ ವಿವರಗಳನ್ನು ಪರಿಶೀಲಿಸಿ, ತಪ್ಪಿದ್ದಲ್ಲಿ ಶಾಲಾ ಪ್ರವೇಶಕ್ಕೆ ಮುನ್ನವೇ ಸಂಬಂಧಪಟ್ಟ ನೋಂದಣಾಧಿಕಾರಿಗಳಿಗೆ ಅರ್ಜಿ ಸಲ್ಲಿಸುವುದು ಸೂಕ್ತ.